ಝೆಡ್ ಬ್ರಿಜ್ ಮೇಲಿಂದ ದಿನಕ್ಕೊಂದು ಚಿತ್ರ: ಗಡಿಯಾರ ನೋಡಬೇಕೇ, ಸೂರ್ಯನನ್ನು ನೋಡಬೇಕೇ?

ನಾರಾಯಣ ಪೇಠೆಯವ
ಎಲ್ಲರಿಗೂ ನಮಸ್ಕಾರ. ಕಳೆದ ಜೂನ್ 1ರಿಂದ ನಾನು ಪ್ರತಿದಿನ ಬೆಳಿಗ್ಗೆ ಸರಿಯಾಗಿ ಏಳು ಗಂಟೆಗೆ ಪುಣೆಯ ಝೆಡ್ ಬ್ರಿಜ್ಜಿನ ನಡುವೆ ನಿಂತು, ಮುಠಾ ನದಿ ಹರಿದು ಹೋಗುವ ಕಡೆಗೆ ಮುಖ ಮಾಡಿ, ಮೊಬೈಲಿನಲ್ಲಿ ಒಂದೇ ಒಂದು ಚಿತ್ರ ತೆಗೆಯುತ್ತಿದ್ದೇನೆ. ಎಡಕ್ಕೆ ಮೆಟ್ರೋ ಕಂಬಗಳು, ಕೆಳಗೆ ಭಿಡೆ ಪೂಲ್ ಎಂಬ ತಗ್ಗು ಸೇತುವೆ, ಬಲಕ್ಕೆ ಪೇಠೆಗಳ ಹಿತ್ತಿಲು. ಚೌಕಟ್ಟು ಇಷ್ಟೇ. ಡಿಸೆಂಬರ್ 31ಕ್ಕೆ 214 ದಿನಗಳಾದವು. ಊರಿಗೆ ಹೋದದ್ದು, ಜ್ವರ ಬಂದದ್ದು, ಒಂದು ದಿನ ಬರೀ ಸೋಮಾರಿತನ, ಹೀಗೆ ಒಂಬತ್ತು ದಿನ ತಪ್ಪಿಹೋಗಿ ಈಗ ಕೈಯಲ್ಲಿರುವುದು 205 ಚಿತ್ರಗಳು.

ಮೊನ್ನೆ ಅವನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ ಒಂದರ ಹಿಂದೊಂದು ಓಡಿಸಿ ನೋಡಿದೆ. ಜೂನ್ ತಿಂಗಳಿನವು ಬೆಳಗಿವೆ, ಅಕ್ಟೋಬರಿನಿಂದ ಮಂಕಾಗುತ್ತ ಬಂದಿವೆ, ಡಿಸೆಂಬರಿನವಂತೂ ಬೇರೆ ಯಾರೋ ಬೇರೆ ಊರಿನಲ್ಲಿ ತೆಗೆದಂತಿವೆ. ಇದು ಮೊದಲನೆಯ ತೊಂದರೆ. ಎರಡನೆಯದು ಬೇಸರ. ಮಳೆಗಾಲದ ಕೆಲವು ದಿನಗಳನ್ನು ಬಿಟ್ಟರೆ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಯಾವುದು ಯಾವ ದಿನದ್ದೆಂದು ನನಗೇ ಹೇಳಲಾಗುವುದಿಲ್ಲ. ನನ್ನ ಹೆಂಡತಿ ಐದು ನಿಮಿಷ ನೋಡಿ, “ಅದೇ ನೀರು, ಅದೇ ಕಂಬ, ನೀವೊಬ್ಬರು ದಿನಾ ಹೋಗುತ್ತೀರಿ” ಎಂದು ಹೇಳಿ ಎದ್ದುಹೋದಳು.

ಇನ್ನು ಮುಂದೆಯೂ ಅದೇ ಜಾಗ, ಅದೇ ಹೊತ್ತು ಎಂದು ಮುಂದುವರಿಸಲೇ, ಅಥವಾ ವಿಠ್ಠಲವಾಡಿಯಿಂದ ಸಂಗಮದವರೆಗೆ ದಿನಕ್ಕೊಂದು ಕಡೆ ನಡೆದು ತೆಗೆಯಲೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಕೋಥ್ರೂಡಿನ ಮೇಷ್ಟ್ರು
ನಿಮ್ಮ ಮೊಬೈಲಿಗೆ ಏನೂ ಆಗಿಲ್ಲ. ಜೂನ್ ಮೊದಲ ವಾರ ಪುಣೆಯಲ್ಲಿ ಸೂರ್ಯ ಆರು ಗಂಟೆಗೆ ಸ್ವಲ್ಪ ಮೊದಲೇ ಹುಟ್ಟುತ್ತಾನೆ. ಈಗ ಏಳು ದಾಟಿದ ಮೇಲೆ ಹುಟ್ಟುತ್ತಿದ್ದಾನೆ. ಅಂದರೆ ಜೂನಿನಲ್ಲಿ ಹುಟ್ಟಿ ಒಂದು ಗಂಟೆಯಾದ ಬಿಸಿಲನ್ನೂ ಈಗ ಹುಟ್ಟುವುದಕ್ಕೆ ಮುಂಚಿನ ಮಬ್ಬನ್ನೂ ತೆಗೆದು, ಎರಡಕ್ಕೂ ‘ಬೆಳಿಗ್ಗೆ ಏಳು’ ಎಂದು ಒಂದೇ ಹೆಸರಿಟ್ಟಿದ್ದೀರಿ.

ಹೊತ್ತು ಮಾತ್ರವಲ್ಲ, ದಿಕ್ಕೂ ಬದಲಾಗುತ್ತದೆ. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ಕೊನೆಯ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 25 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟಿದರೆ, ಡಿಸೆಂಬರ್ ಕೊನೆಯವನು ಅಷ್ಟೇ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ನಿಮ್ಮ ಚೌಕಟ್ಟು ಈಶಾನ್ಯಕ್ಕೆ ತಿರುಗಿರುವುದರಿಂದ ಜೂನಿನಲ್ಲಿ ಬೆಳಕು ಚಿತ್ರದ ಬಲ ಅಂಚಿನಲ್ಲೇ ಇರುತ್ತಿತ್ತು; ಈಗ ಅದು ನಿಮ್ಮ ಬಲಭುಜದ ಆಚೆಗೆ ಹೋಗಿದೆ. ಇನ್ನೊಂದು ಮಾತು: ಅತಿ ಚಿಕ್ಕ ಹಗಲು ಡಿಸೆಂಬರ್ 21-22ರ ಸುಮಾರಿಗೆ ಮುಗಿದಿದ್ದರೂ ಸೂರ್ಯೋದಯ ಜನವರಿ ನಡುವಿನವರೆಗೂ ತಡವಾಗುತ್ತಲೇ ಹೋಗುತ್ತದೆ. ಇನ್ನೂ ಎರಡು ವಾರ ಕತ್ತಲೆಯನ್ನು ತೆಗೆಯುವ ಬದಲು, ಸೂರ್ಯೋದಯವಾಗಿ ಅರ್ಧ ಗಂಟೆಗೆ ಎಂದು ನಿಯಮ ಮಾಡಿಕೊಳ್ಳಿ.

ಬಾವಧನದಿಂದ
ಮೇಷ್ಟ್ರೇ, ಉತ್ತರಾಯಣ ಶುರುವಾಗುವುದು ಸಂಕ್ರಾಂತಿಗಲ್ಲವೇ? ನೀವು ಡಿಸೆಂಬರಿಗೇ ಮುಗಿಸಿಬಿಟ್ಟಿರಿ.

ಕೋಥ್ರೂಡಿನ ಮೇಷ್ಟ್ರು
ಆಕಾಶದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರಿನಲ್ಲೇ. ಅಯನಚಲನೆಯಿಂದಾಗಿ, ಅಂದರೆ ಭೂಮಿಯ ಅಕ್ಷ ಬಹಳ ನಿಧಾನವಾಗಿ ತಿರುಗುವುದರಿಂದ, ಮಕರ ಸಂಕ್ರಾಂತಿ ಈಗ ಜನವರಿ 14ರ ಹೊತ್ತಿಗೆ ಬಂದು ನಿಂತಿದೆ. ಎಳ್ಳು ಬೆಲ್ಲ ಆ ದಿನವೇ ಹಂಚಿ, ಕ್ಯಾಮೆರಾ ಮಾತ್ರ ಆಕಾಶದ ಲೆಕ್ಕಕ್ಕೆ ಹಿಡಿಯಿರಿ.

ಹಡಪ್ಸರದ ಲೆಕ್ಕಿಗ
ಮೇಷ್ಟ್ರ ಗಣಿತದ ಬಗ್ಗೆ ತಕರಾರಿಲ್ಲ, ಸಲಹೆಯ ಬಗ್ಗೆ ಇದೆ. ಊರು ಸೂರ್ಯನನ್ನು ನೋಡಿ ಏಳುವುದಿಲ್ಲ, ಗಡಿಯಾರ ನೋಡಿ ಏಳುತ್ತದೆ. ಏಳು ಗಂಟೆಗೆ ಭಿಡೆ ಪೂಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡ ಸ್ಕೂಟರು ಹೋಗುತ್ತದೆ, ಶಾಲೆಯ ಮಕ್ಕಳು ಹೋಗುತ್ತಾರೆ, ಕಂಬಗಳ ಮೇಲೆ ಮೆಟ್ರೋ ಹಾಯುತ್ತದೆ. ಸೂರ್ಯನ ಹಿಂದೆ ಬಿದ್ದರೆ ಜೂನಿನಲ್ಲಿ ಆರೂವರೆಗೂ ಜನವರಿಯಲ್ಲಿ ಏಳೂಮುಕ್ಕಾಲರ ಹತ್ತಿರಕ್ಕೂ ಚಿತ್ರ ತೆಗೆಯಬೇಕು. ಆಗ ಬೆಳಕು ಒಂದೇ ಆಗುತ್ತದೆ, ಜನ ಬೇರೆಯಾಗುತ್ತಾರೆ. ನದಿಯ ಚಿತ್ರ ಬೇಕೋ ಊರಿನ ಚಿತ್ರ ಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿ. ಡಿಸೆಂಬರಿನ ಏಳು ಗಂಟೆ ಕತ್ತಲಾಗಿದ್ದರೆ ಚಿತ್ರವೂ ಕತ್ತಲಾಗಿರಲಿ, ಸುಳ್ಳೇನಿದೆ ಅದರಲ್ಲಿ?

ಕುರ್ಲಾ ನಿವಾಸಿ (ಮುಂಬಯಿ)
ನಿಮ್ಮಿಬ್ಬರ ಜಗಳದಲ್ಲಿ ಮೂರನೆಯವನಾಗಿ ಬರುತ್ತಿದ್ದೇನೆ. ನಮ್ಮ ಮೀಠಿ ನದಿ ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿ ನೀರಿನಿಂದ ಹುಟ್ಟಿ, ಹೆಚ್ಚೂಕಡಿಮೆ 18 ಕಿಲೋಮೀಟರ್ ಹರಿದು ಮಾಹಿಮ್ ಖಾರಿಯಲ್ಲಿ ಸಮುದ್ರ ಸೇರುತ್ತದೆ. ಕೆಳಭಾಗದಲ್ಲಿ ನದಿಗೆ ಗಡಿಯಾರವೂ ಇಲ್ಲ, ಸೂರ್ಯನೂ ಇಲ್ಲ. ಅಲ್ಲಿ ನಡೆಯುವುದು ಚಂದ್ರನ ಆಡಳಿತ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಾನು ಎರಡು ತಿಂಗಳು ಪ್ರತಿದಿನ ಎಂಟು ಗಂಟೆಗೆ ಒಂದೇ ಜಾಗದಿಂದ ತೆಗೆದೆ. ಒಂದು ವಾರ ತುಂಬಿದ ಹೊಳೆ, ಮರುವಾರ ಬರೀ ಕೆಸರು ಮತ್ತು ಪ್ಲಾಸ್ಟಿಕ್ಕು. ನೋಡಿದ ಗೆಳೆಯರು ‘ನದಿ ಸುಧಾರಿಸಿದೆ’ ಎಂದು ಒಮ್ಮೆ, ‘ಕೆಟ್ಟಿದೆ’ ಎಂದು ಒಮ್ಮೆ ತೀರ್ಪು ಕೊಟ್ಟರು. ನದಿಗೆ ಏನೂ ಆಗಿರಲಿಲ್ಲ. ಆಮೇಲೆ ಭರತಿಯ ಪಟ್ಟಿ ನೋಡಿ ಇಳಿತದ ಹೊತ್ತಿಗೇ ಹೋಗಲು ಶುರುಮಾಡಿದೆ. ಕಚೇರಿಗೆ ತಡವಾಗಿ ಅದೂ ನಿಂತಿತು.

ಪಣಜಿಯಿಂದ
ಮಾಂಡವಿಯದೂ ಇದೇ ಕಥೆ. ಆದರೆ ಇಲ್ಲಿ ಉಬ್ಬರ-ಇಳಿತದ ವ್ಯತ್ಯಾಸವನ್ನು ದೋಣಿಯವರೇ ಹೇಳುತ್ತಾರೆ, ಪಟ್ಟಿ ಬೇಕಾಗುವುದಿಲ್ಲ. ನಮ್ಮ ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ ಬಂದದ್ದೇ ಇಲ್ಲಿ ಮಾಂಡವಿ ಎನ್ನಿಸಿಕೊಳ್ಳುವುದು. ಆ ವಿವಾದವನ್ನು ಇಲ್ಲಿ ಯಾರೂ ತೆಗೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮದುವೆ ಫೋಟೋದವ (ಪಿಂಪ್ರಿ)
ಹೊತ್ತಿನ ಚರ್ಚೆ ಆಯಿತು, ಮೊಬೈಲು ಮಾಡುತ್ತಿರುವ ಮೋಸದ ಬಗ್ಗೆ ಯಾರೂ ಮಾತನಾಡಲಿಲ್ಲ. ರಾಯರೇ, ನೀವು ವೈಟ್ ಬ್ಯಾಲೆನ್ಸನ್ನು ಆಟೋದಲ್ಲೇ ಬಿಟ್ಟಿದ್ದೀರಿ ಎಂದು ಪಂದ್ಯ ಕಟ್ಟಬಲ್ಲೆ.

ಆಟೋ ವೈಟ್ ಬ್ಯಾಲೆನ್ಸಿನ ಕೆಲಸವೇ ಬಣ್ಣದ ಪಕ್ಷಪಾತವನ್ನು ತೆಗೆದುಹಾಕುವುದು. ಮದುವೆ ಮಂಟಪದ ಹಳದಿ ದೀಪದಡಿ ಮದುಮಗಳ ಬಿಳಿ ಕುಪ್ಪಸ ಬಿಳಿಯಾಗಿಯೇ ಕಾಣಲಿ ಎಂದು ಅದನ್ನು ಮಾಡಿದ್ದಾರೆ. ಚೌಕಟ್ಟಿನ ಅರ್ಧಕ್ಕೂ ಹೆಚ್ಚು ಭಾಗ ಕೆಂಪು ಮಣ್ಣಿನ ನೀರು ತುಂಬಿದ ದಿನ ಅದು ‘ಇಲ್ಲಿ ಕೆಂಪು ಜಾಸ್ತಿಯಾಯಿತು’ ಎಂದು ನೀಲಿಯ ಕಡೆಗೆ ಎಳೆಯುತ್ತದೆ. ಜಲಪರ್ಣಿ ಕಳೆ ಬೆಳೆದು ಇಡೀ ಪಾತ್ರ ಹಸಿರಾದ ದಿನ ಹಸಿರನ್ನು ತಗ್ಗಿಸುತ್ತದೆ. ನೀವು ನೂರು ಚಿತ್ರ ಒಂದೇ ಥರ ಇವೆ ಎನ್ನುತ್ತೀರಿ. ಅವನ್ನು ಒಂದೇ ಥರ ಮಾಡಿದ್ದು ಮೊಬೈಲೇ ಇರಬಹುದು.

ಬೆಳಕಿನ ಅಳತೆಯದೂ ಇದೇ ಹಾಡು. ಚಳಿಗಾಲದಲ್ಲಿ ನೀರು ಗಾಳಿಗಿಂತ ಬೆಚ್ಚಗಿದ್ದಾಗ ಹೊಳೆಯ ಮೇಲೆ ಹಬೆಯಂತೆ ಮಂಜು ಏಳುತ್ತದಲ್ಲ, ಅದನ್ನು ಕ್ಯಾಮೆರಾ ಬೂದಿಯ ಬಣ್ಣಕ್ಕೆ ಇಳಿಸಿಬಿಡುತ್ತದೆ. ಆ ದಿನ ಬೆಳಕನ್ನು ಒಂದು ಹಂತ ಏರಿಸಬೇಕು. ಪ್ರೋ ಮೋಡಿಗೆ ಹೋಗಿ ವೈಟ್ ಬ್ಯಾಲೆನ್ಸನ್ನು 5500 ಕೆಲ್ವಿನ್‌ಗೆ ಕಟ್ಟಿಹಾಕಿ, ಸಾಧ್ಯವಾದರೆ ರಾ ಫೈಲನ್ನೂ, ಅಂದರೆ ಮೊಬೈಲು ತಿದ್ದದ ಮೂಲ ಚಿತ್ರವನ್ನೂ, ಉಳಿಸಿಕೊಳ್ಳಿ. ಒಂದೊಂದು 25 ಎಂಬಿ ಎಂದರೂ ವರ್ಷಕ್ಕೆ 9 ಜಿಬಿಯಷ್ಟೇ.

ನಾರಾಯಣ ಪೇಠೆಯವ
ಪಂದ್ಯ ನೀವೇ ಗೆದ್ದಿರಿ. ಆಟೋದಲ್ಲೇ ಇತ್ತು, ರಾ ಫೈಲೂ ಇಲ್ಲ. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಹೊಳೆ ಕಡುಚಹಾದ ಬಣ್ಣಕ್ಕೆ ತಿರುಗಿದ್ದು ನನಗೆ ಚೆನ್ನಾಗಿ ನೆನಪಿದೆ. ಚಿತ್ರ ತೆರೆದರೆ ಹಾಲು ಹೆಚ್ಚಾದ ಕಾಫಿಯಂತಿದೆ. ಭಿಡೆ ಪೂಲ್ ಮುಳುಗಿದ್ದರಿಂದಲೇ ಅದು ಆ ದಿನದ್ದೆಂದು ತಿಳಿಯುತ್ತದೆ.

ಅಲೆಮಾರಿ ಕಣ್ಣು
ಯಂತ್ರವನ್ನು ಎಷ್ಟು ಸರಿಪಡಿಸಿದರೂ ಬೇಸರದ ಪ್ರಶ್ನೆ ಉಳಿದೇ ಇದೆ. ನನ್ನ ಅಭಿಪ್ರಾಯದಲ್ಲಿ ಒಂದೇ ಜಾಗದಲ್ಲಿ ನಿಂತು ಗುಂಡಿ ಒತ್ತುವುದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಂತೆ. ಅದರಲ್ಲಿ ಕಣ್ಣಿಗೆ ಕೆಲಸವಿಲ್ಲ. ನಾನು ನಾಲ್ಕು ವರ್ಷಗಳಿಂದ ಬಂಡ್ ಗಾರ್ಡನ್ ಕಡೆ ನಡೆಯುತ್ತಿದ್ದೇನೆ. 1867ರ ಫಿಟ್ಜ್‌ಜೆರಾಲ್ಡ್ ಸೇತುವೆಯ ಕಲ್ಲಿನ ಕಮಾನುಗಳನ್ನೇ ನೂರು ರೀತಿಯಲ್ಲಿ ತೆಗೆದಿರಬಹುದು. ಅಲ್ಲಿಂದ ಕೆಳಗೆ ಯೆರವಡಾ ಬದಿಯ ಪಕ್ಷಿಧಾಮದ ದಂಡೆಗೆ ಹೋದರೆ ಮೆಟ್ಟುಗಾಲು ಹಕ್ಕಿಗಳು, ನೀರುಕಾಗೆಗಳು, ಮಿಂಚುಳ್ಳಿ. ಒಂದು ಬೆಳಿಗ್ಗೆ ನೊರೆಯ ದೊಡ್ಡ ಗಡ್ಡೆಯೊಂದು ತೇಲಿ ಬರುತ್ತಿತ್ತು, ಅದರ ಮೇಲೆ ಒಂದು ಬೆಳ್ಳಕ್ಕಿ ಇಳಿಯಲು ನೋಡಿ, ಕಾಲು ಹೂತುಹೋದೊಡನೆ ಗಾಬರಿಯಿಂದ ರೆಕ್ಕೆ ಬಡಿದು ಎದ್ದಿತು. ನಾನು ಆ ದಿನ ಅಲ್ಲಿಗೆ ಹೋಗಿದ್ದರಿಂದ ಸಿಕ್ಕಿತು. ನಿಯಮಕ್ಕೆ ಕಟ್ಟುಬಿದ್ದು ಝೆಡ್ ಬ್ರಿಜ್ಜಿನಲ್ಲೇ ನಿಂತಿದ್ದರೆ ಸಿಗುತ್ತಿತ್ತೇ?

ಹಡಪ್ಸರದ ಲೆಕ್ಕಿಗ
ಆ ನೊರೆ ನಾಲ್ಕು ವರ್ಷಗಳಲ್ಲಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ, ನಿಮ್ಮ ಚಿತ್ರಗಳಿಂದ ಹೇಳಬಲ್ಲಿರಾ?

ಅಲೆಮಾರಿ ಕಣ್ಣು
ಅದನ್ನು ಹೇಳುವುದು ಪ್ರಯೋಗಾಲಯದ ಕೆಲಸ. ಮಾರ್ಜಕ ಬೆರೆತ ಕೊಳಚೆ ನೀರು ಒಡ್ಡಿನಿಂದ ಧುಮುಕುವಾಗ ನೊರೆ ಏಳುತ್ತದೆ. ಹರಿವು, ಗಾಳಿ ಯಾವುದು ಬದಲಾದರೂ ನೊರೆ ಬದಲಾಗುತ್ತದೆ. ಮೊಬೈಲಿನಲ್ಲಿ ನೊರೆಯನ್ನು ಅಳೆಯುತ್ತೇನೆ ಎನ್ನುವುದು ಅತಿಯಾಯಿತು.

ಖರಾಡಿಯ ಕೀಟಪ್ರೇಮಿ
ಕಣ್ಣಿಗೆ ಕಂಡದ್ದನ್ನು ಚಿತ್ರವೇ ಹೇಳಿಬಿಡುತ್ತದೆ ಎಂದು ನಂಬುವವರಿಗೆ ಒಂದು ಉದಾಹರಣೆ. 2024ರ ಫೆಬ್ರವರಿಯಲ್ಲಿ ನಮ್ಮ ಕಡೆ ನದಿಯ ಮೇಲೆ ಕೀಟಗಳ ಕಂಬಗಳೇ ಎದ್ದು ನಿಂತ ವಿಡಿಯೋ ಎಲ್ಲೆಡೆ ಹರಿದಾಡಿತು, ‘ಸೊಳ್ಳೆಗಳ ಸುಂಟರಗಾಳಿ’ ಎಂಬ ಹೆಸರಿನಲ್ಲಿ. ಅವು ಹೆಚ್ಚಾಗಿ ಕಚ್ಚುವ ಸೊಳ್ಳೆಗಳಲ್ಲ, ಮಿಡ್ಜ್ ಎಂಬ ಕಚ್ಚದ ನೊಣಗಳು ಎಂದು ಬಲ್ಲವರು ಆಮೇಲೆ ತಿಳಿಸಿದರು. ಅವುಗಳ ಮರಿಹುಳುಗಳಲ್ಲಿ ಎಷ್ಟೋ ಬಗೆಯವಕ್ಕೆ ಕೆಂಪು ರಕ್ತವಿರುವುದರಿಂದ ಆಮ್ಲಜನಕ ಕಡಿಮೆಯಿರುವ ಕೊಳೆತ ಕೆಸರಿನಲ್ಲಿಯೂ ಬದುಕುತ್ತವೆ. ಚಿತ್ರ ನಿಜವಾಗಿತ್ತು, ಕೆಳಗೆ ಬರೆದ ಸಾಲು ತಪ್ಪಾಗಿತ್ತು.

ಸಹಕಾರನಗರದ ಅಜ್ಜಿ
ಮೊಮ್ಮಗ ಈ ಚರ್ಚೆಯನ್ನು ಓದಿ ಹೇಳಿದ. ನಾನು ಹೇಳಿದ್ದನ್ನು ಅವನೇ ಟೈಪು ಮಾಡುತ್ತಿದ್ದಾನೆ.

ನಾನು 1960ರಲ್ಲಿ ಹುಬ್ಬಳ್ಳಿಯಿಂದ ಮದುವೆಯಾಗಿ ಶನಿವಾರ ಪೇಠೆಗೆ ಬಂದವಳು. ನಮ್ಮ ಮನೆಯ ಹಿಂದಿನ ಓಣಿ ಇಳಿದರೆ ಓಂಕಾರೇಶ್ವರದ ಘಾಟು. ಮರುವರ್ಷ ಜುಲೈ 12ರ ಬೆಳಿಗ್ಗೆ ಪಾನಶೇತ್ ಅಣೆಕಟ್ಟು ಒಡೆಯಿತು. ಇನ್ನೂ ಕಟ್ಟಿ ಪೂರ್ತಿ ಮುಗಿದಿರದ ಅಣೆಕಟ್ಟು. ಹಿಂದಿನ ರಾತ್ರಿಯೆಲ್ಲ ಸೈನಿಕರು ಮರಳಿನ ಚೀಲ ಒಟ್ಟಿ ಅದನ್ನು ಹಿಡಿದು ನಿಲ್ಲಿಸಿದ್ದರು ಎಂದು ಆಮೇಲೆ ತಿಳಿಯಿತು. ಆ ನೀರಿನ ಹೊಡೆತಕ್ಕೆ ಖಡಕವಾಸಲಾದ ಹಳೆಯ ಅಣೆಕಟ್ಟೂ ಹೋಯಿತು. ಅತ್ತೆಯವರು ದೇವರ ಪೆಟ್ಟಿಗೆ ತೆಗೆದುಕೊಂಡರು, ನಾನು ತೊಟ್ಟಿಲ ಕೂಸನ್ನು ತೆಗೆದುಕೊಂಡೆ, ಉಳಿದದ್ದೆಲ್ಲ ಅಲ್ಲೇ ಇತ್ತು. ನನ್ನ ಮದುವೆಯ ಫೋಟೋಗಳಿದ್ದ ಟ್ರಂಕು ಕೆಸರಿನಡಿ ಸಿಕ್ಕಿತು. ಒಂದಕ್ಕೊಂದು ಅಂಟಿಕೊಂಡು ರೊಟ್ಟಿಯ ಅಟ್ಟಿಯಂತಾಗಿದ್ದವು, ಬಿಡಿಸಲು ಹೋದರೆ ಮುಖಗಳೇ ಕಿತ್ತುಬಂದವು.

ಪ್ರವಾಹದ ಫೋಟೋಗಳು ಬೇಕಾದಷ್ಟಿವೆ, ಪ್ರತಿ ಜುಲೈ ತಿಂಗಳೂ ಮರಾಠಿ ಪತ್ರಿಕೆಗಳಲ್ಲಿ ಬರುತ್ತವೆ. ನಾನು ಹುಡುಕುವುದು ಜುಲೈ 11ರ ಫೋಟೋವನ್ನು. ಘಾಟಿನ ಯಾವ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುತ್ತಿದ್ದೆವು, ಅಲ್ಲಿದ್ದ ಮರ ಅತ್ತಿಯೋ ಆಲವೋ, ನಮ್ಮ ಮನೆಯ ಹಿತ್ತಿಲ ಬಾಗಿಲು ಹೊಳೆಯಿಂದ ಕಾಣುತ್ತಿತ್ತೋ ಇಲ್ಲವೋ. ಏನೂ ಆಗದ ದಿನ ಯಾರೂ ಫೋಟೋ ತೆಗೆಯಲಿಲ್ಲ. ನಾರಾಯಣ ಪೇಠೆಯ ತಮ್ಮಾ, ನೀನು ತೆಗೆದದ್ದರಲ್ಲಿ ಬಲಗಡೆ ಹಿತ್ತಿಲುಗಳು ಸ್ಪಷ್ಟ ಬರುತ್ತವೇನು?

ನಾರಾಯಣ ಪೇಠೆಯವ
ಅಜ್ಜಿ, ಬರುತ್ತವೆ. ಈಗ ತಾನೇ ದೊಡ್ಡದು ಮಾಡಿ ನೋಡಿದೆ. ಕಿಟಕಿಯಲ್ಲಿ ಒಣಹಾಕಿದ ಟವೆಲು ಕೂಡ ಎಣಿಸಬಹುದು. ಒಂದು ಹಳೆಯ ವಾಡೆ ಜೂನಿನ ಚಿತ್ರದಲ್ಲಿದೆ, ನವೆಂಬರಿನ ಚಿತ್ರದಲ್ಲಿಲ್ಲ, ಆ ಜಾಗದಲ್ಲಿ ಹಸಿರು ಪರದೆ ಕಟ್ಟಿದ್ದಾರೆ. ದಿನಾ ಅಲ್ಲೇ ನಿಂತಿದ್ದರೂ ಅದು ಹೋದದ್ದು ನನಗೆ ಗೊತ್ತಾಗಿರಲಿಲ್ಲ.

ಅಲೆಮಾರಿ ಕಣ್ಣು
ಅಜ್ಜಿಯವರ ಮಾತಿಗೆ ಎದುರು ಹೇಳಲಾರೆ. ಆದರೂ ದಾಖಲೆ ಬೇರೆ, ಅಭ್ಯಾಸ ಬೇರೆ. ಒಂದೇ ಚಿತ್ರವನ್ನು ದಿನಾ ತೆಗೆದವನಿಗೆ ಒಳ್ಳೆಯ ದಾಖಲೆ ಸಿಗಬಹುದು, ಆದರೆ ಆತನ ಕಣ್ಣು ಪಳಗುವುದಿಲ್ಲ. ಅದಕ್ಕೆ ಇವರದೇ ವಾಡೆ ಸಾಕ್ಷಿ. ನಿಯಮದ ಒಂದು ಚಿತ್ರ ತೆಗೆದು, ಇಳಿದುಬರುವಾಗ ಇಷ್ಟಬಂದದ್ದು ಇನ್ನೊಂದು ತೆಗೆಯಲಿ.

ಮದುವೆ ಫೋಟೋದವ (ಪಿಂಪ್ರಿ)
ಇದು ಒಪ್ಪುವ ಮಾತು. ಎರಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿಡಿ. ಫೈಲಿನ ಹೆಸರನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಸದಾಶಿವ ಪೇಠೆಯ ಅಳಿಯ
ಓಂಕಾರೇಶ್ವರದ ಪ್ರಸ್ತಾಪ ಬಂದದ್ದರಿಂದ ಒಂದು ಎಚ್ಚರಿಕೆಯ ಮಾತು. ಆ ಘಾಟಿನಲ್ಲಿ ಹತ್ತನೆಯ ದಿನದ ಕರ್ಮಗಳು ನಡೆಯುತ್ತವೆ. ನಮ್ಮ ಮಾವನವರ ಪಿಂಡ ಇಟ್ಟು ಕಾಗೆಗಾಗಿ ಮುಕ್ಕಾಲು ಗಂಟೆ ಕಾದಿದ್ದೆವು. ಕೊನೆಗೆ ಕಾಗೆಯೊಂದು ಹತ್ತಿರ ಬಂದಾಗ, ಉದ್ದನೆಯ ಲೆನ್ಸು ಹಿಡಿದವನೊಬ್ಬ ಮೆಟ್ಟಿಲಿಳಿದು ಮುಂದಕ್ಕೆ ಬಂದ, ಕಾಗೆ ಹಾರಿಹೋಯಿತು. ಆತನಿಗೆ ಕಪ್ಪು ಹಕ್ಕಿ, ಬಿಳಿ ಅನ್ನ, ಬೆಳಗಿನ ಬೆಳಕು ಕಂಡಿರಬಹುದು. ನನ್ನ ಹೆಂಡತಿ ಆ ದಿನ ಅತ್ತದ್ದನ್ನು ನಾನು ಮರೆತಿಲ್ಲ.

ಅಲೆಮಾರಿ ಕಣ್ಣು
ಅದು ನಾನಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಮೊದಲ ವರ್ಷ ಅಂಥ ಚಿತ್ರಗಳನ್ನು ದೂರದಿಂದ ನಾನೂ ತೆಗೆದಿದ್ದೇನೆ. ಅಳಿಸಿಹಾಕಿದೆ. ಈಗ ಅಲ್ಲಿ ಕ್ಯಾಮೆರಾವನ್ನು ಚೀಲದಿಂದ ತೆಗೆಯುವುದೇ ಇಲ್ಲ.

ಭೀಮಾ ದಂಡೆಯವ (ಹಿಂಜೆವಾಡಿ)
ನಮ್ಮೂರು ಅಫಜಲಪುರ ತಾಲ್ಲೂಕು. ಮುಠಾ ಸಂಗಮದಲ್ಲಿ ಮುಳೆಯನ್ನು ಕೂಡಿ, ಮುಳಾ-ಮುಠಾ ಮುಂದೆ ಭೀಮೆಯನ್ನು ಸೇರಿ, ಪಂಢರಪುರ ದಾಟಿ ನಮ್ಮ ಕಡೆಗೇ ಬರುತ್ತದೆ ಎಂಬುದು ಪುಣೆಯ ಕನ್ನಡಿಗರಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. ನಾನು ಒಮ್ಮೆ ನೊರೆಯ ಚಿತ್ರವನ್ನು ಅವ್ವನಿಗೆ ಕಳಿಸಿದೆ. ಆಕೆ ಪ್ರತಿ ಹುಣ್ಣಿಮೆಗೆ ಗಾಣಗಾಪುರದ ಸಂಗಮದಲ್ಲಿ ಸ್ನಾನ ಮಾಡುವವಳು. ಕೂಡಲೇ ಫೋನು ಬಂತು: “ಇದೇ ನೀರೇನೋ ಯಪ್ಪಾ ನಮ್ಮ ಕಡಿ ಬರೋದು?” ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ.

ಕೋಥ್ರೂಡಿನ ಮೇಷ್ಟ್ರು
ನಡುವೆ ಉಜನಿ ಇದೆ. ಸುಮಾರು 117 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ನೀರು ತಿಂಗಳುಗಟ್ಟಲೆ ನಿಲ್ಲುವುದರಿಂದ ನೊರೆ ಅಲ್ಲಿಂದ ಮುಂದೆ ಹಾಗೆಯೇ ಬರುವುದಿಲ್ಲ. ಕರಗಿದ್ದು ಮಾತ್ರ ಪೂರ್ತಿ ಅಲ್ಲೇ ನಿಲ್ಲುತ್ತದೆ ಎಂದು ತಾಯಿಯವರಿಗೆ ಹೇಳಬೇಡಿ.

ಸಿಂಹಗಡ ರಸ್ತೆಯಿಂದ
ಮಳೆಗಾಲದ ಚಿತ್ರಗಳ ಆಸೆಯುಳ್ಳವರು ಇದನ್ನು ಓದಲೇಬೇಕು. ಮೇಲಿನ ನಾಲ್ಕು ಅಣೆಕಟ್ಟುಗಳ ಒಟ್ಟು ಸಾಮರ್ಥ್ಯ ಸುಮಾರು 29 ಟಿಎಂಸಿ. ಅವುಗಳಲ್ಲಿ ಕಟ್ಟಕಡೆಯದಾದ ಖಡಕವಾಸಲಾ ಹಿಡಿಯುವುದು ಎರಡಕ್ಕಿಂತಲೂ ಕಡಿಮೆ. ಅದಕ್ಕೇ ಘಟ್ಟದಲ್ಲಿ ಮಳೆ ಜೋರಾದರೆ ಅದು ಬೇಗ ತುಂಬುತ್ತದೆ, ಬಾಗಿಲು ತೆರೆಯಲೇಬೇಕಾಗುತ್ತದೆ. ಮರಾಠಿಯಲ್ಲಿ ಹೀಗೆ ಬಿಡುವ ನೀರಿಗೆ ‘ವಿಸರ್ಗ’ ಎನ್ನುತ್ತಾರೆ. ವ್ಯಾಕರಣದಲ್ಲಿ ಎರಡು ಚುಕ್ಕೆ ಎಂದು ಕಲಿತ ನಾನು ಹೊಸದರಲ್ಲಿ ನಕ್ಕಿದ್ದೆ. 2024ರ ಜುಲೈ 25ರ ಬೆಳಗಿನ ಜಾವ ಏಕತಾನಗರಿಯಲ್ಲಿ ನಮ್ಮ ನೆಲಮಾಳಿಗೆಗೆ ನೀರು ನುಗ್ಗಿ ನನ್ನ ಕ್ಯಾಮೆರಾ ಚೀಲ ಕಾರಿನೊಳಗೇ ತೇಲಿದ ಮೇಲೆ ನಗು ನಿಂತಿದೆ. ವಿಸರ್ಗದ ಅಂಕಿ ಏರುತ್ತಿರುವ ದಿನ ಮೇಲಿನ ಸೇತುವೆಯಿಂದಲೇ ತೆಗೆಯಿರಿ, ಭಿಡೆ ಪೂಲಿಗೋ ನದಿಪಾತ್ರದ ರಸ್ತೆಗೋ ಇಳಿಯಬೇಡಿ.

ಬಾವಧನದಿಂದ
ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ನಾನು ಕ್ಯಾಮೆರಾವನ್ನು ಅಕ್ಕಿ ಡಬ್ಬಿಯಲ್ಲಿಡುತ್ತೇನೆ. ಬಹಳ ಒಳ್ಳೆಯ ಉಪಾಯ.

ಮದುವೆ ಫೋಟೋದವ (ಪಿಂಪ್ರಿ)
ಬಹಳ ಕೆಟ್ಟ ಉಪಾಯ. ಅಕ್ಕಿಯ ಹಿಟ್ಟಿನ ಧೂಳು ಲೆನ್ಸಿನ ಸಂದಿಗಳಿಗೆ ಹೋಗುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಎರಡೂ ಸೇರಿ ಇನ್ನೂರು ಮುನ್ನೂರು ರೂಪಾಯಿ.

ಕುರ್ಲಾ ನಿವಾಸಿ (ಮುಂಬಯಿ)
ತಪ್ಪಿದ ಒಂಬತ್ತು ದಿನಗಳ ಬಗ್ಗೆ ಯಾರೂ ಹೇಳಲಿಲ್ಲ. ನ್ಯೂಯಾರ್ಕಿನ ಜೇಮೀ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವವರೆಗೆ ದಿನಕ್ಕೊಂದು ಪೋಲರಾಯ್ಡ್ ತೆಗೆದರು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೂ ಆ ಸಾಲು ಮುಂದುವರಿಯಿತು. ಹಾಗೆಂದು ಜ್ವರದಲ್ಲಿ ಎದ್ದು ಸೇತುವೆಗೆ ಹೋಗಿ ಎನ್ನುವುದಿಲ್ಲ. ತಪ್ಪಿದ ದಿನಕ್ಕೆ ಒಂದು ಕಪ್ಪು ಚೌಕವನ್ನು ಸೇರಿಸಿ, ಸಾಲು ಪ್ರಾಮಾಣಿಕವಾಗಿರುತ್ತದೆ.

ಹಡಪ್ಸರದ ಲೆಕ್ಕಿಗ
ಸರಿಯಾದ ಮಾತು. ಖಾತೆಯಲ್ಲಿ ಖಾಲಿ ಸಾಲು ಬಿಡಬಹುದು, ಹಾಳೆ ಹರಿಯಬಾರದು.

ನಾರಾಯಣ ಪೇಠೆಯವ
ಎಲ್ಲರಿಗೂ ಉತ್ತರಿಸಲು ತಡವಾಯಿತು, ಕ್ಷಮಿಸಿ. ಮೂರು ದಿನಗಳಿಂದ ಹೊಸ ಕ್ರಮ ಹಿಡಿದಿದ್ದೇನೆ. ಏಳು ಗಂಟೆಯ ಚಿತ್ರವನ್ನು ಬಿಡಲಿಲ್ಲ, ಲೆಕ್ಕಿಗರ ವಾದ ಮನಸ್ಸಿಗೆ ಹಿಡಿಸಿತು. ಅದಾದ ಮೇಲೆ ಸೇತುವೆಯ ಕೊನೆಯಲ್ಲಿ ಚಹಾ ಕುಡಿದು ಬಂದು, ಬಿಸಿಲು ಬಿದ್ದೊಡನೆ ಮೇಷ್ಟ್ರ ಅರ್ಧ ಗಂಟೆಯ ಚಿತ್ರ. ವೈಟ್ ಬ್ಯಾಲೆನ್ಸು 5500ಕ್ಕೆ ನಿಂತಿದೆ. ಕಟಕಟೆಯಲ್ಲಿ ಬಣ್ಣ ಎದ್ದುಹೋದ ಒಂದು ಮೊಳೆಯಿದೆ, ಮೊಬೈಲಿನ ಕೆಳಗಿನ ಅಂಚನ್ನು ಅದಕ್ಕೇ ಒರಗಿಸುವುದರಿಂದ ಚೌಕಟ್ಟು ಅಲುಗುವುದಿಲ್ಲ. ನಿನ್ನೆ ಎರಡು ಚಿತ್ರಗಳ ನಡುವೆ ನೀರಿನ ಬಣ್ಣ ಸೀಸದಿಂದ ಪಾಚಿಗೆ ತಿರುಗಿತ್ತು. ಮೊದಲೂ ಹಾಗೆಯೇ ತಿರುಗುತ್ತಿದ್ದಿರಬೇಕು.

ಹೆಂಡತಿ ಈ ಬಾರಿ ವಾಡೆ ಇದ್ದ ಮತ್ತು ಇಲ್ಲದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿ, ಅದರ ಮೂರನೆಯ ಕಿಟಕಿಯಲ್ಲಿ ದಿನಾ ತುಳಸಿಗೆ ನೀರು ಹಾಕುತ್ತಿದ್ದ ಮುದುಕಿ ಎಲ್ಲಿಗೆ ಹೋದಳೆಂದು ಕೇಳಿದಳು. ನನಗೆ ಅಲ್ಲಿ ತುಳಸಿ ಇತ್ತೆಂಬುದೇ ತಿಳಿದಿರಲಿಲ್ಲ.

ಸಹಕಾರನಗರದ ಅಜ್ಜಿ
ತಮ್ಮಾ, ಆ ವಾಡೆ ಇದ್ದ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಇಡು, ಹಿಂದುಗಡೆ ಪೆನ್ಸಿಲಿನಲ್ಲಿ ತಾರೀಖು ಬರಿ. ನನಗೂ ಒಂದು ಪ್ರತಿ ಬೇಕು. ಮೊಮ್ಮಗ ಭಾನುವಾರ ಬಂದು ಒಯ್ಯುತ್ತಾನೆ, ದುಡ್ಡು ಎಷ್ಟಾಯಿತೆಂದು ಅವನಿಗೆ ಹೇಳು.